ಮಂಗಳವಾರ ಸಂತೆ ಇತ್ತು

2016ರಿಂದ 2018ರವರೆಗೆ ನಾನು ಈ ಕಾಲೇಜಿನ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿನಿ. ಎರಡನೆಯ ವರ್ಷಕ್ಕೆ ಮನೋವೈದ್ಯಕೀಯ ಸಮಾಜಕಾರ್ಯವನ್ನು ಆರಿಸಿಕೊಂಡೆ ಎಂದಾಗ ಅಪ್ಪ, "ಹುಚ್ಚಾಸ್ಪತ್ರೆಯಲ್ಲಿ ಕೆಲಸ ಮಾಡುವುದಕ್ಕೂ ಓದಬೇಕೇ?" ಎಂದಿದ್ದರು. ಆ ಪದ ಆಗ ನನಗೂ ಒರಟಾಗಿ ಕೇಳಿಸಲಿಲ್ಲ.

ಮೊದಲ ವಾರವೇ ಆ ವಿಷಯ ಕಲಿಸುತ್ತಿದ್ದ ಮೇಡಂ ನಮ್ಮನ್ನು ಮೂವರು ಮೂವರಾಗಿ ಕೂರಿಸಿದರು. ಒಬ್ಬರು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು, ಮೂರನೆಯವರು ಉತ್ತರಿಸುವವರ ಕಿವಿಗೆ ಬಾಗಿ ಹೀಯಾಳಿಕೆಯ ಮಾತುಗಳನ್ನು ಬಿಡದೆ ಪಿಸುಗುಟ್ಟಬೇಕು. ಊರು ಯಾವುದು, ಒಡಹುಟ್ಟಿದವರು ಎಷ್ಟು ಎಂಬುದಕ್ಕೂ ನಾನು ತಡವರಿಸಿದೆ. ಎರಡೇ ನಿಮಿಷಕ್ಕೆ ಕಣ್ಣು ತುಂಬಿತು. "ಇಂಥ ಧ್ವನಿಯನ್ನು ಹಗಲೂ ರಾತ್ರಿ ಕೇಳುತ್ತಿರುವವರು ನಿಮಗೆ ತಡವಾಗಿ ಉತ್ತರ ಕೊಟ್ಟರೆ ಕೇಸ್ ಹಿಸ್ಟರಿಯಲ್ಲಿ ಏನೆಂದು ಬರೆಯುತ್ತೀರಿ?" ಎಂದು ಕೇಳಿ ಅವರು ಸುಮ್ಮನೆ ನಿಂತರು.

ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ. ನನಗೆ ಸಿಕ್ಕಿದ್ದು ಒಂದು ತಾಲ್ಲೂಕು ಆಸ್ಪತ್ರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಅಲ್ಲಿಗೆ ಮಂಗಳವಾರ ಮನೋವೈದ್ಯರು ಬರುತ್ತಿದ್ದರು. ಇಲ್ಲದ ಧ್ವನಿಗಳು ಕೇಳಿಸುವಂಥ ಮನೋರೋಗವಾದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಯುವಕ ಮೂರು ತಿಂಗಳಿಂದ ಬಂದಿರಲಿಲ್ಲ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಫೋನ್ ಮಾಡಿದಾಗಲೆಲ್ಲ ತಾಯಿ ಬರುತ್ತೇವೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ನಾನು ವರದಿಯಲ್ಲಿ "ಕುಟುಂಬ ಸಹಕರಿಸುತ್ತಿಲ್ಲ" ಎಂದು ಬರೆದೆ.

ವರದಿ ಮೇಡಂ ಅವರ ಕೆಂಪು ಶಾಯಿಯೊಂದಿಗೆ ಹಿಂತಿರುಗಿತು. "ಇದು ನಿನ್ನ ತೀರ್ಪು. ನೀನು ಕಂಡದ್ದೇನು? ಮನೆಗೆ ಹೋಗಿದ್ದೆಯಾ?"

ಸೋಮವಾರ ಮಧ್ಯಾಹ್ನ ಹೋದೆ. ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕಿತ್ತು. ತಾಯಿ ಜಗುಲಿಯಲ್ಲಿ ಕುಳಿತು ಮೆಂತ್ಯ, ದಂಟು, ಕೊತ್ತಂಬರಿಯನ್ನು ಕಟ್ಟು ಕಟ್ಟುತ್ತಿದ್ದರು. ಮಗ ಬಾಳೆನಾರು ಸೀಳಿ ಕೊಡುತ್ತಿದ್ದ. ಮೇಡಂ ಹೇಳಿಕೊಟ್ಟಂತೆ ನಾನು ಫಾರಂ ತೆಗೆಯದೆ ಕುಳಿತೆ. ಸ್ವಲ್ಪ ಹೊತ್ತಿಗೆ ನಾನೂ ಸೊಪ್ಪು ಜೋಡಿಸತೊಡಗಿದೆ. ಆಮೇಲೆ ಅವರೇ ಮಾತು ತೆಗೆದರು: "ಮಂಗಳವಾರ ಸಂತೆ ಕಣವ್ವಾ. ಅವತ್ತು ಬುಟ್ಟಿ ಇಳಿಸದಿದ್ದರೆ ವಾರವಿಡೀ ಏನು ತಿನ್ನುವುದು? ಇವನೊಬ್ಬನನ್ನೇ ಬಸ್ ಹತ್ತಿಸಲು ಧೈರ್ಯ ಬರುವುದಿಲ್ಲ." ಗೋಡೆಯ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಮಗ ನುಂಗಿ ಮುಗಿಸಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೆಲ್ಲ ಅದರಲ್ಲಿ ಕಾಪಿಟ್ಟಿದ್ದರು. ಅಕ್ಷರ ಬಾರದ ಆಕೆಗೆ ಮಾತ್ರೆಯ ಹೆಸರು ತಪ್ಪಬಾರದೆಂಬ ಆತಂಕ. ಅದನ್ನು ಹಿಡಿದು ಪೇಟೆಯ ಔಷಧಿ ಅಂಗಡಿಗೂ ಹೋಗಿಬಂದಿದ್ದರಂತೆ. ಹೊಸ ಚೀಟಿ ಇಲ್ಲದೆ ಕೊಡಲಾಗದು ಎಂದಿದ್ದರಂತೆ.

ಸಹಕರಿಸುತ್ತಿಲ್ಲ ಎಂದು ನಾನು ಬರೆದದ್ದು ಈ ತಾಯಿಯ ಬಗ್ಗೆ. ಆ ಕವರನ್ನು ನೆನೆದಾಗ ಇಂದಿಗೂ ಸಂಕಟವಾಗುತ್ತದೆ.

ಕ್ಷೇತ್ರಕಾರ್ಯವನ್ನು ಚರ್ಚಿಸುವ ಮುಂದಿನ ಕಾನ್ಫರೆನ್ಸಿನಲ್ಲಿ ಮೇಡಂ ಬಳ್ಳಾರಿಯ ಕಥೆ ಹೇಳಿದರು. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. "ಜನ ಔಷಧಿಯ ಬಳಿಗೆ ಬರಲಾಗದಿದ್ದರೆ ಔಷಧಿ ಎಲ್ಲಿಯವರೆಗೆ ಬರಬಲ್ಲದು, ವಿಚಾರಿಸು" ಎಂದರು. ವಿಚಾರಿಸಿದೆ. ಮನೋವೈದ್ಯರು ಒಪ್ಪಿದರು, ಮಾತ್ರೆ ಸಮೀಪದ ಆರೋಗ್ಯ ಕೇಂದ್ರದಲ್ಲೇ ಸಂತೆಯಿಲ್ಲದ ದಿನ ಸಿಗುವಂತಾಯಿತು. ಓಡಾಟ ಬಹಳವೇ ಇತ್ತು, ಆದರೆ ಆಯಿತು.

ನಾವು ಓದುತ್ತಿದ್ದಾಗಲೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. ಮೇಡಂ 1987ರ ಕಾಯ್ದೆಯ ಟಿಪ್ಪಣಿಗಳನ್ನು ಬದಿಗಿಟ್ಟು ಹೊಸದನ್ನು ನಮ್ಮೊಡನೆ ಸಾಲು ಸಾಲಾಗಿ ಓದಿದರು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು, ತನ್ನ ಪರವಾಗಿ ಮಾತಾಡುವವರನ್ನು ತಾನೇ ಹೆಸರಿಸಬಹುದು ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿ ಏರ್ವಾಡಿಯನ್ನು ನೆನಪಿಸಿದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ಊರಿನಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಓಡಲಾಗಲಿಲ್ಲ. ಸತ್ತವರು 28 ಮಂದಿ. ಆ ದಿನ ಪಾಠ ಮುಂದುವರಿಯಲಿಲ್ಲ.

ಈಗ ನಾನು ಒಂದು ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಸಮಾಜಕಾರ್ಯಕರ್ತೆ. ತರಬೇತಿಗೆ ಬರುವ ಮಕ್ಕಳು ಕಾಯಿಲೆಯ ತೀವ್ರತೆ ಅಳೆಯುವ ಪ್ರಶ್ನಾವಳಿಗಳನ್ನು ನನಗಿಂತ ಚೆನ್ನಾಗಿ ತುಂಬುತ್ತಾರೆ, ಆದರೆ ಜಗುಲಿಯಲ್ಲಿ ಕೂರಲು ಚಡಪಡಿಸುತ್ತಾರೆ. ಅದು ಅವರ ತಪ್ಪಲ್ಲ. ಕೂರುವುದಕ್ಕೆ ಅವರಿಗೆ ದಿನಗಳೇ ಸಿಗುತ್ತಿಲ್ಲ. ಕ್ಷೇತ್ರಕಾರ್ಯದ ದಿನಗಳನ್ನು ದಯವಿಟ್ಟು ಮೊಟಕುಗೊಳಿಸಬೇಡಿ, ಬಡ ಮಕ್ಕಳಿಗೆ ಬಸ್ ಖರ್ಚನ್ನಾದರೂ ಕೊಡಿ ಎಂದು ಕಾಲೇಜನ್ನು ಕೇಳಿಕೊಳ್ಳುತ್ತೇನೆ.

ನನ್ನೊಡನೆ ಬರಲು ಇಷ್ಟವಿರುವವರು ಮೇಡಂ ಅವರ ಬಳಿ ಹೆಸರು ಕೊಟ್ಟಿರಿ. ಮಂಗಳವಾರ ನಾವು ತಾಲ್ಲೂಕು ಆಸ್ಪತ್ರೆಯಲ್ಲಿರುತ್ತೇವೆ. ಬುಧವಾರ ಬನ್ನಿ, ಮನೆಗಳಿಗೆ ಹೋಗೋಣ.