ಈಸ್ಟರ್‌ಗೆ ಚಿಕ್ಕ ಮಕ್ಕಳ ಜೊತೆ: ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು

ಈಸ್ಟರ್‌ಗೆ ಮಕ್ಕಳ ಕೈಲಿ ಏನು ಮಾಡಿಸೋಣ ಅಂತ ಫೋನಿನಲ್ಲಿ ಹುಡುಕಿದರೆ ಸಿಗುವುದು ಹಸಿರು ಹುಲ್ಲು, ಚಾಕೊಲೇಟ್ ಮೊಟ್ಟೆ, ಬುಟ್ಟಿ ಹೊತ್ತ ಮೊಲ. ಚಾಕೊಲೇಟು 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ 37–38ಕ್ಕೆ ಏರುತ್ತದೆ. ಆ ಮಾತು ಅಲ್ಲಿಗೇ ಮುಗಿಯಿತು. ಮೊಲದ ಬಗ್ಗೆ ನಮಗೆ ಜಗಳವಿಲ್ಲ, ಬೇಕಾದವರು ಬಣ್ಣದ ಕಾಗದದಲ್ಲಿ ಒಂದು ಕತ್ತರಿಸಿ ಅಂಟಿಸಿ.

ಮೊದಲ ವರ್ಷವೇ ಹತ್ತು ಬಗೆ ಶುರು ಮಾಡಿದ ಮನೆಯಲ್ಲಿ ಮೂರನೇ ವರ್ಷಕ್ಕೆ ಒಂದೂ ಉಳಿದಿರುವುದಿಲ್ಲ. ಎರಡೋ ಮೂರೋ ಸಾಕು. ಮಗು ತನ್ನ ಕೈಯಾರೆ ಮಾಡುವಂತಿರಬೇಕು, ಪರೀಕ್ಷೆ ಇದ್ದರೂ ನಿಲ್ಲಬಾರದು, ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಆಗಬೇಕು. ಈ ಲೆಕ್ಕದಲ್ಲಿ ನಮ್ಮ ಮೊದಲ ಓಟು ಸಮಾಧಿ ತೋಟಕ್ಕೆ, ಅಂದರೆ ಯೇಸುವನ್ನು ಇಟ್ಟು, ಈಸ್ಟರ್ ಬೆಳಿಗ್ಗೆ ಬರಿದಾಗಿ ಕಂಡ ಸಮಾಧಿಯನ್ನು ತಟ್ಟೆಯಲ್ಲೇ ಮಾಡುವ ಪುಟ್ಟ ತೋಟಕ್ಕೆ.

ಎರಡು ಇಂಚು ಅಂಚಿರುವ ಅಗಲ ತಟ್ಟೆ ತಗೊಳ್ಳಿ. ಮಣ್ಣಿನದಾದರೆ ಒಳ್ಳೆಯದು. ಒಂದು ಬದಿಗೆ ಚಿಕ್ಕ ಕುಡಿಕೆಯನ್ನು ಅಡ್ಡ ಮಲಗಿಸಿ, ಬಾಯಿ ಮಾತ್ರ ಕಾಣುವಂತೆ ಮೇಲೆ ಮಣ್ಣು ಏರಿಸಿ. ಅದೇ ಸಮಾಧಿ. ಬಾಯಿ ಮುಚ್ಚುವಷ್ಟು ಅಗಲದ ಕಲ್ಲನ್ನು ಮಗುವೇ ಹುಡುಕಿ ತರಲಿ. ನಮ್ಮ ಕಡೆಯ ಎರೆಮಣ್ಣನ್ನು ಹಾಗೇ ತುಂಬಿದರೆ ಒಣಗಿ ಬಿರುಕು ಬಿಟ್ಟು ಎಳೆ ಬೇರು ಹರಿದುಹೋಗುತ್ತದೆ. ಆದ್ದರಿಂದ ಎರೆಮಣ್ಣು, ಮರಳು, ಹಳೇ ಗೊಬ್ಬರ ಮೂರನ್ನೂ ಸಮಪಾಲು ಬೆರೆಸಿ. ರಾಗಿ ಬಿತ್ತಿದರೆ ನಯವಾದ ಹುಲ್ಲಿನಂತೆ ಏಳುತ್ತದೆ. ಮೆಂತ್ಯೆ ಬೇಗ ಬರುತ್ತದೆ, ಆದರೆ ರಾತ್ರಿಯಿಡೀ ನೆನೆಸಿರಬೇಕು. ಎರಡನ್ನೂ ಈಸ್ಟರ್‌ಗೆ ಹತ್ತು ದಿನ ಮುಂಚೆ, ಅಂದರೆ ಗರಿಗಳ ಭಾನುವಾರಕ್ಕೆ (ಈಸ್ಟರ್‌ಗೆ ಒಂದು ವಾರ ಹಿಂದಿನ ಭಾನುವಾರ) ಮೊದಲಿನ ಗುರುವಾರ ಬಿತ್ತಿ, ಮೇಲೆ ಕಾಲು ಇಂಚು ಮಣ್ಣು ಉದುರಿಸಿ. ಮೊಳಕೆ ಕಾಣುವ ತನಕ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೆ ಬೆಳಗಿನ ಬಿಸಿಲು ಒಂದು ಗಂಟೆ, ಉಳಿದ ಹೊತ್ತು ಕಿಟಕಿಯ ಬೆಳಕು ಸಾಕು. ಪಕ್ಕದ ಮನೆಯವರು ದಸರೆಗೆ ಮಣ್ಣಿನಲ್ಲಿ ಕಾಳು ಬಿತ್ತಿ ಘಟ್ಟ ಹಾಕುವುದನ್ನು ನೋಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಈ ತೋಟ ಹಾಳಾಗುವುದು ಹೆಚ್ಚಾಗಿ ನೀರಿನಿಂದ. ಮಗುವಿನ ಕೈಗೆ ಚೊಂಬು ಕೊಟ್ಟರೆ ಎರಡನೇ ದಿನಕ್ಕೆ ಬೂಷ್ಟು ಗ್ಯಾರಂಟಿ. ಚಮಚ ಕೊಡಿ, ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಚಮಚ ಚಿಮುಕಿಸಲಿ. ಇರುವೆ ಬಂದರೆ ತಟ್ಟೆಯನ್ನು ನೀರು ತುಂಬಿದ ಇನ್ನೊಂದು ಅಗಲ ತಟ್ಟೆಯೊಳಗೆ ಎರಡು ಕಲ್ಲಿನ ಮೇಲೆ ಕೂರಿಸಿ.

ಯೇಸು ಸತ್ತ ದಿನವಾದ ಶುಭ ಶುಕ್ರವಾರ ಸಂಜೆ ಬಿಳಿ ಬಟ್ಟೆಯ ತುಂಡೊಂದನ್ನು ಕುಡಿಕೆಯೊಳಗಿಟ್ಟು ಮಗುವೇ ಕಲ್ಲು ಮುಚ್ಚಲಿ. ಶನಿವಾರ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. ಭಾನುವಾರ ಮಕ್ಕಳು ಏಳುವ ಮುಂಚೆ ದೊಡ್ಡವರು ಕಲ್ಲು ಸರಿಸಿ ಬಟ್ಟೆಯನ್ನು ಮಡಚಿಡಬೇಕು. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಮೊಳೆ, ಚಾಟಿ, ರಕ್ತದ ವಿವರ ಬೇಡ. ಹಾಗಂತ ಸಾವನ್ನೇ ಹಾರಿಸಿ ಹೇಳಬೇಡಿ. ಮುಚ್ಚಿದ್ದು ಗೊತ್ತಿಲ್ಲದ ಮಗುವಿಗೆ ತೆರೆದ ಕಲ್ಲು ಕಂಡು ಯಾವ ಸಂತೋಷ?

ಎರಡನೆಯದು ಬಣ್ಣದ ಮೊಟ್ಟೆ. ಬಣ್ಣದ ಪುಡಿ ಕೊಳ್ಳಬೇಕಿಲ್ಲ. ಚಿತ್ರದುರ್ಗ ಈರುಳ್ಳಿಯ ಜಿಲ್ಲೆ, ಸಂತೆಯಲ್ಲಿ ಕೇಳಿದರೆ ಸಿಪ್ಪೆ ಚೀಲಗಟ್ಟಲೆ ಪುಕ್ಕಟೆ ಸಿಗುತ್ತದೆ. ಆರು ಮೊಟ್ಟೆಗೆ ಹತ್ತು-ಹನ್ನೆರಡು ಈರುಳ್ಳಿಯ ಒಣಸಿಪ್ಪೆ, ಒಂದು ಲೀಟರ್ ನೀರು. ಇಪ್ಪತ್ತೈದು ನಿಮಿಷ ಕುದಿಸಿ, ಸೋಸಿ, ಆರಿಸಿ, ಎರಡು ದೊಡ್ಡ ಚಮಚ ವಿನೆಗರ್ ಬೆರೆಸಿ. ಮೊಟ್ಟೆ ಬಿಳಿ ಫಾರಂನದೇ ಇರಲಿ, ಕಂದು ಬಣ್ಣದ ನಾಟಿ ಮೊಟ್ಟೆಯ ಮೇಲೆ ಬಣ್ಣ ಎದ್ದು ಕಾಣುವುದಿಲ್ಲ. ಮೊಟ್ಟೆಯನ್ನು ತಣ್ಣೀರಿನಲ್ಲಿಟ್ಟೇ ಒಲೆ ಹಚ್ಚಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ಫ್ರಿಜ್ಜಿನಿಂದ ತೆಗೆದು ನೇರ ಕುದಿಯುವ ನೀರಿಗೆ ಬಿಟ್ಟರೆ ಒಡೆಯುತ್ತದೆ. ಬೆಂದ ಮೊಟ್ಟೆಯನ್ನು ಅರ್ಧ ಗಂಟೆ ಬಣ್ಣದಲ್ಲಿ ಮುಳುಗಿಸಿಟ್ಟರೆ ಇಟ್ಟಿಗೆ ಕೆಂಪು ಬರುತ್ತದೆ.

ಎಲೆಯ ಅಚ್ಚು ಬೇಕಾದರೆ ಕೊತ್ತಂಬರಿಯ ಒಂದೊಂದೇ ಎಲೆಯನ್ನು ಒದ್ದೆ ಮಾಡಿ ಮೊಟ್ಟೆಗೆ ಅಂಟಿಸಿ, ತೆಳು ಪಂಚೆಯ ತುಂಡಿನಿಂದ ಬಿಗಿಯಾಗಿ ಸುತ್ತಿ, ದಾರ ಕಟ್ಟಿ ಬಣ್ಣಕ್ಕೆ ಬಿಡಿ. ಬಟ್ಟೆ ಸಡಿಲವಾದರೆ ಎಲೆಯಡಿ ಬಣ್ಣ ನುಗ್ಗಿ ಅಚ್ಚು ಮಸುಕಾಗುತ್ತದೆ. ಅರಿಶಿನದ ಹಳದಿಗೆ ಮೂರು ಲೋಟ ನೀರಿಗೆ ಎರಡು ದೊಡ್ಡ ಚಮಚ ಪುಡಿ. ಪುಡಿ ತಳಕ್ಕಿಳಿದು ಮೊಟ್ಟೆಯ ಒಂದೇ ಮಗ್ಗುಲು ಗಾಢವಾಗುತ್ತದೆ, ಆಗಾಗ ಹೊರಳಿಸಿ. ಹಬ್ಬದ ಬಿಳಿ ಫ್ರಾಕಿಗೆ ಅರಿಶಿನ ತಾಗಿದರೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೇಡ. ಒಗೆದು ಬಿಸಿಲಿಗೆ ಹರವಿದರೆ ಕಲೆ ತಾನಾಗಿ ತಿಳಿಯಾಗುತ್ತದೆ.

ಬಣ್ಣ ತೇಪೆ ತೇಪೆ ಹಿಡಿದಿದ್ದರೆ ಕಾರಣ ಸಾಮಾನ್ಯವಾಗಿ ಮಗುವಿನ ಕೈಯ ಎಣ್ಣೆ. ಒಗ್ಗರಣೆ ಮಂಡಕ್ಕಿ ತಿಂದ ಕೈಯಲ್ಲಿ ಮೊಟ್ಟೆ ಹಿಡಿದರೆ ಬೆರಳಚ್ಚು ಹಾಗೇ ಉಳಿಯುತ್ತದೆ. ಮೊದಲು ವಿನೆಗರ್ ಅದ್ದಿದ ಬಟ್ಟೆಯಿಂದ ಮೊಟ್ಟೆ ಒರೆಸಿ. ವಿನೆಗರ್ ಜಾಸ್ತಿಯಾದರೂ ಕಷ್ಟವೇ, ಚಿಪ್ಪಿನ ಸುಣ್ಣ ಕರಗಿ ಗುಳ್ಳೆ ಎದ್ದು, ಉಜ್ಜಿದರೆ ಬಣ್ಣ ಪದರ ಪದರವಾಗಿ ಬಿಡುತ್ತದೆ.

ಈ ಬಿಸಿಲಲ್ಲಿ ಬೆಂದ ಮೊಟ್ಟೆಯನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. 32 ಡಿಗ್ರಿ ದಾಟಿದರೆ ಅಷ್ಟೇ ಅದರ ಆಯಸ್ಸು. ಆದ್ದರಿಂದ ಬಣ್ಣದ ಮೊಟ್ಟೆ ಫ್ರಿಜ್ಜಿನಲ್ಲಿದ್ದು ಊಟದ ಹೊತ್ತಿಗೆ ಹೊರಗೆ ಬರಲಿ. ಬಚ್ಚಿಟ್ಟು ಹುಡುಕಿಸುವ ಆಟಕ್ಕೆ ಕಾಗದದ ಅಥವಾ ಪ್ಲಾಸ್ಟಿಕ್ ಮೊಟ್ಟೆ ಸಾಕು. ಒಬ್ಬೊಬ್ಬ ಮಗುವಿಗೆ ಒಂದೊಂದು ಬಣ್ಣ, ತಲಾ ಆರು. ಇಲ್ಲದಿದ್ದರೆ ಎಂಟು ವರ್ಷದ ಅಣ್ಣ ಎಲ್ಲ ಬಾಚಿಕೊಂಡು ಮೂರು ವರ್ಷದ ತಂಗಿ ಅಳುತ್ತಾ ಕೂರುತ್ತಾಳೆ. ಅಂಗಳದಲ್ಲಾದರೆ ಎಂಟು ಗಂಟೆಯೊಳಗೆ ಮುಗಿಸಿ. ಕಲ್ಲುಗೋಡೆಯ ಸಂದಿ, ಸೌದೆ ರಾಶಿ, ಸಂಪಿನ ಮುಚ್ಚಳದ ಹತ್ತಿರ ಇಡಬೇಡಿ, ಬೇಸಿಗೆಯಲ್ಲಿ ಚೇಳು ತಂಪಿಗೆ ಸೇರುವ ಜಾಗಗಳು ಅವು. ಐದು ವರ್ಷದೊಳಗಿನ ಮಕ್ಕಳ ಪ್ಲಾಸ್ಟಿಕ್ ಮೊಟ್ಟೆಯೊಳಗೆ ಇಡೀ ಶೇಂಗಾ, ಗಟ್ಟಿ ಪೆಪ್ಪರಮೆಂಟು ತುಂಬಬೇಡಿ, ಗಂಟಲಿಗೆ ಸಿಕ್ಕೀತು.

ನೆರೆಯವರಿಗೆ ಮೊಟ್ಟೆ ಹಂಚುವ ಯೋಚನೆ ಬಿಡಿ. ನಮ್ಮ ಬೀದಿಗಳಲ್ಲಿ ಮೊಟ್ಟೆ ಮುಟ್ಟದ ಮನೆಗಳೇ ಹೆಚ್ಚು. ಗೋಡಂಬಿಯ ಮೊಟ್ಟೆ ಮಾಡಿ. ಒಂದು ಲೋಟ ಗೋಡಂಬಿಯನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ (ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ), ಅರ್ಧ ಲೋಟ ಸಕ್ಕರೆ, ಕಾಲು ಲೋಟ ನೀರಿನ ಒಂದೆಳೆ ಪಾಕಕ್ಕೆ ಹಾಕಿ, ಬಾಣಲೆ ಬಿಡುವ ತನಕ ಕೈಯಾಡಿಸಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ತುಪ್ಪ ಸವರಿದ ಅಂಗೈಯಲ್ಲಿ ನಾದಿ ಮೊಟ್ಟೆಯಾಕಾರ ಕೊಡಬೇಕು, ಆರಿದರೆ ಬಿರುಕು. ಮಕ್ಕಳ ಪಾಲಿನ ಕೆಲಸ ಮೇಲೆ ಕೇಸರಿ ಎಳೆ ಅಂಟಿಸುವುದು.

ಮೂರನೆಯದಕ್ಕೆ ಹೆಚ್ಚು ಮಾತು ಬೇಕಿಲ್ಲ: ದಾನಕ್ಕೆಂದು ಡಬ್ಬಿಗೆ ದಿನಕ್ಕೊಂದು ಹಿಡಿ ಅಕ್ಕಿ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರದಿಂದ ಭಾನುವಾರಗಳನ್ನು ಬಿಟ್ಟು 40 ದಿನ. ಮಗುವಿನ ಹಿಡಿ 25 ಗ್ರಾಮ್ ಅಂದುಕೊಂಡರೂ ಒಂದು ಕೆಜಿ ಆಗುತ್ತದೆ. ಡಬ್ಬಿಗೆ ಎರಡು ಒಣಮೆಣಸಿನಕಾಯಿ ಹಾಕಿ, ಹುಳ ಹತ್ತಿರ ಬರುವುದು ಕಡಿಮೆ. ಐದು ವರ್ಷದೊಳಗಿನವರಿಗೆ ನಲವತ್ತು ದಿನ ದೂರದ ಮಾತು, ಗರಿಗಳ ಭಾನುವಾರದಿಂದ ಶುರು ಮಾಡಿದರೂ ನಡೆಯುತ್ತದೆ. ಉಪವಾಸ ಮಾತ್ರ ಚಿಕ್ಕವರಿಗೆ ಹೇರಬೇಡಿ. ಕಥೋಲಿಕ ನಿಯಮದಲ್ಲೇ ಮಾಂಸ ಬಿಡುವುದು 14 ತುಂಬಿದವರಿಗೆ, ಉಪವಾಸ 18ರಿಂದ 59ರವರೆಗಿನವರಿಗೆ.

ಈಸ್ಟರ್ ಹಿಂದಿನ ಶನಿವಾರ ರಾತ್ರಿ ಚರ್ಚಿನಲ್ಲಿ ನಡೆಯುವ ಜಾಗರಣೆಗೆ ಮಕ್ಕಳನ್ನು ಒಯ್ಯುವುದಾದರೆ ಮಧ್ಯಾಹ್ನ ಮಲಗಿಸಿ, ನೈಲಾನ್ ಫ್ರಾಕ್ ಬಿಟ್ಟು ಹತ್ತಿ ಬಟ್ಟೆ ತೊಡಿಸಿ, ಮೇಣದ ಬತ್ತಿಯನ್ನು ತಳ ತೂತು ಮಾಡಿದ ಕಾಗದದ ಲೋಟದಲ್ಲಿ ತೂರಿಸಿ ಕೊಡಿ. ನಿದ್ದೆಗೆಡುವ ಮಗುವಾದರೆ ಭಾನುವಾರ ಬೆಳಗಿನ ಆರಾಧನೆಯೇ ವಾಸಿ.

ತಾರೀಖು ಮೊದಲೇ ನೋಡಿಕೊಳ್ಳಿ. ಚರ್ಚಿನ ಲೆಕ್ಕದಲ್ಲಿ ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಮಾರ್ಚ್‌ನಲ್ಲಿ ಬಿದ್ದರೆ ಪರೀಕ್ಷೆಯ ಹೊತ್ತು. ಆ ವರ್ಷ ಮೊಟ್ಟೆ ಹುಡುಕುವ ಆಟವನ್ನು ರಜೆಗೆ ಮುಂದೂಡಿ, ತೋಟ ಮತ್ತು ಅಕ್ಕಿ ಸಾಕು. 2027ಕ್ಕೆ ರಾಗಿ ಬಿತ್ತುವ ದಿನ ಮಾರ್ಚ್ 18, ಗುರುವಾರ.