ವರ್ಚುವಲ್‌ಬಾಕ್ಸ್: ನ್ಯಾಟ್ ಒಂದೇ ಸಾಲದು, ಹೋಸ್ಟ್-ಓನ್ಲಿಯೂ ಬೇಕು

ವರ್ಚುವಲ್‌ಬಾಕ್ಸ್ ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ (ಮಷೀನ್) ನಡೆಸುವ ತಂತ್ರಾಂಶ. ಅದರಲ್ಲಿ ಹೊಸ ಮಷೀನ್ ಮಾಡಿದಾಗ ತಾನಾಗಿಯೇ ಸಿಗುವ ನೆಟ್‌ವರ್ಕ್ ನ್ಯಾಟ್, ಅಂದರೆ ಲ್ಯಾಪ್‌ಟಾಪಿನ ಹಿಂದೆ ಅಡಗಿ ಅದರ ಸಂಪರ್ಕವನ್ನೇ ಬಳಸುವ ಬಗೆ. ಒಳಗಿನ ಉಬುಂಟುವಿಗೆ (ಲಿನಕ್ಸ್‌ನ ಒಂದು ಬಗೆ) 10.0.2.15 ಎಂಬ ಐಪಿ ವಿಳಾಸ ಬರುತ್ತದೆ, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 10.0.2.2. ಇಂಟರ್ನೆಟ್ ನಡೆಯುತ್ತದೆ, ಆದರೆ ಲ್ಯಾಪ್‌ಟಾಪಿನಿಂದ ಆ ವಿಳಾಸಕ್ಕೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿದರೆ ತಲುಪುವುದಿಲ್ಲ. ಎರಡನೇ ಮಷೀನಿಗೂ ಅದೇ 10.0.2.15! ಪ್ರತಿ ಮಷೀನಿಗೂ ಅದರದೇ ನ್ಯಾಟ್ ಇರುವುದರಿಂದ ಅವು ಒಂದಕ್ಕೊಂದು ಕಾಣುವುದೂ ಇಲ್ಲ.

ಇಲ್ಲಿಗೆ ಬಂದವರು ಬಹಳ ಮಂದಿ ನೇರ ಬ್ರಿಡ್ಜ್ಡ್‌ಗೆ, ಅಂದರೆ ಮಷೀನನ್ನೂ ಮನೆಯ ನೆಟ್‌ವರ್ಕಿಗೇ ಸೇರಿಸುವ ಬಗೆಗೆ, ಹೋಗುತ್ತಾರೆ. ಕೇಬಲ್ ಹಾಕಿದ ಡೆಸ್ಕ್‌ಟಾಪಿಗೆ ಅದು ಸರಿ. ವೈಫೈ ಲ್ಯಾಪ್‌ಟಾಪಿಗೆ ಬೇಡವೆಂದೇ ನನ್ನ ಸಲಹೆ. ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ ಒಂದು ಸಂಪರ್ಕಕ್ಕೆ ಒಂದೇ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು) ಒಪ್ಪುತ್ತದೆ. ವರ್ಚುವಲ್‌ಬಾಕ್ಸ್ ಪ್ಯಾಕೆಟ್‌ಗಳ ಮ್ಯಾಕ್ ತಿದ್ದಿ ನಿಭಾಯಿಸುತ್ತದೆ ನಿಜ, ಆದರೂ ಮನೆಯ ವೈಫೈ ಬಿಟ್ಟು ಕಾಲೇಜಿನ ವೈಫೈ ಹಿಡಿದರೆ ಮಷೀನುಗಳ ಐಪಿ ಎಲ್ಲ ಬದಲಾಗುತ್ತದೆ.

ಅದಕ್ಕಿಂತ ಮಷೀನಿಗೆ ಎರಡು ನೆಟ್‌ವರ್ಕ್ ಕಾರ್ಡ್ ಕೊಡಿ. ಮೊದಲನೆಯದು ನ್ಯಾಟ್ ಆಗಿಯೇ ಇರಲಿ, ಅದು ಇಂಟರ್ನೆಟ್ಟಿಗೆ. ಎರಡನೆಯದು ಹೋಸ್ಟ್-ಓನ್ಲಿ, ಅಂದರೆ ಲ್ಯಾಪ್‌ಟಾಪ್ ಮತ್ತು ಅದರ ಮಷೀನುಗಳ ನಡುವೆ ಮಾತ್ರ ಇರುವ ನೆಟ್‌ವರ್ಕ್. 7ನೇ ಆವೃತ್ತಿಯಲ್ಲಿ ಫೈಲ್, ಟೂಲ್ಸ್, ನೆಟ್‌ವರ್ಕ್ ಮ್ಯಾನೇಜರ್ ತೆರೆದು ಹೋಸ್ಟ್-ಓನ್ಲಿ ನೆಟ್‌ವರ್ಕ್ ಇದೆಯೇ ನೋಡಿ, ಇಲ್ಲದಿದ್ದರೆ ಕ್ರಿಯೇಟ್ ಒತ್ತಿ. ಲ್ಯಾಪ್‌ಟಾಪಿಗೆ 192.168.56.1 ಸಿಗುತ್ತದೆ. ಆಮೇಲೆ ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ (ಸೇವ್ ಮಾಡಿಟ್ಟರೆ ಸಾಲದು), ಸೆಟ್ಟಿಂಗ್ಸ್‌ನಲ್ಲಿ ಅಡಾಪ್ಟರ್ 2 (ಆ ಎರಡನೇ ಕಾರ್ಡ್) ಆನ್ ಮಾಡಿ ಹೋಸ್ಟ್-ಓನ್ಲಿ ಆರಿಸಿ.

ಉಬುಂಟು ಸರ್ವರ್‌ನಲ್ಲಿ ಈ ಹೊಸ ಕಾರ್ಡ್, ಸಾಮಾನ್ಯವಾಗಿ ಇಎನ್‌ಪಿ0ಎಸ್8, ಕಾಣಿಸಿದರೂ ಐಪಿ ಇಲ್ಲದೆ ಸುಮ್ಮನಿರುತ್ತದೆ. ಕಾರಣ, ಇನ್‌ಸ್ಟಾಲ್ ಸಮಯದಲ್ಲಿ ಬರೆದ ನೆಟ್‌ಪ್ಲಾನ್ ಫೈಲಿನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಫೈಲ್) ಮೊದಲ ಕಾರ್ಡಿನ ಹೆಸರು ಮಾತ್ರ ಇದೆ. ಆ ಫೈಲನ್ನು ಮುಟ್ಟದೆ, 99ರಿಂದ ಶುರುವಾಗುವ ಹೆಸರಿನ ಇನ್ನೊಂದು ಫೈಲ್ ಇಟ್ಟು 192.168.56.10/24 ಎಂದು ಸ್ಥಿರ ವಿಳಾಸ ಕೊಡಿ. ಟ್ಯಾಬ್ ಬಳಸಬೇಡಿ, ಸ್ಪೇಸ್ ಮಾತ್ರ. ಇಲ್ಲಿ ಗೇಟ್‌ವೇ ಬರೆಯಲೇಬಾರದು. ಬರೆದರೆ ಎರಡು ಡೀಫಾಲ್ಟ್ ರೂಟ್ (ಹೊರಗಿನ ಎಲ್ಲಕ್ಕೂ ಹಿಡಿಯುವ ದಾರಿ) ಆಗಿ, ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳು ದಾರಿಯೇ ಇಲ್ಲದ 192.168.56.1ಕ್ಕೆ ಹೋಗುತ್ತವೆ. ಎಸ್‌ಎಸ್‌ಎಚ್ ಚೆನ್ನಾಗಿರುತ್ತದೆ, ಇಂಟರ್ನೆಟ್ ಬೇಕಾದ ಅಪ್ಟ್ ಅಪ್‌ಡೇಟ್ (ತಂತ್ರಾಂಶಗಳ ಪಟ್ಟಿ ತರಿಸುವ ಕಮಾಂಡ್) ಮಾತ್ರ ನಿಂತುಹೋಗುತ್ತದೆ. ಈ ಲಕ್ಷಣ ಕಂಡರೆ ಮೊದಲು ಗೇಟ್‌ವೇ ಸಾಲನ್ನೇ ನೋಡಿ.

ಮಷೀನನ್ನು ಕ್ಲೋನ್ (ನಕಲು) ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಎಲ್ಲ ಅಡಾಪ್ಟರ್‌ಗಳಿಗೂ ಹೊಸ ಮ್ಯಾಕ್ ವಿಳಾಸ ಕೊಡುವ ಆಯ್ಕೆಯನ್ನೇ ಹಿಡಿಯಿರಿ. ಸ್ಥಿರ ವಿಳಾಸವಾದರೆ ಕ್ಲೋನಿನ ಫೈಲಿನಲ್ಲೂ ವಿಳಾಸದ ಕೊನೆಯ 10 ಅನ್ನು 11 ಮಾಡಬೇಕು. ಡಿಎಚ್‌ಸಿಪಿ (ಐಪಿಯನ್ನು ತಾನಾಗಿಯೇ ಹಂಚುವ ವ್ಯವಸ್ಥೆ) ಆದರೆ ಮ್ಯಾಕ್ ಬದಲಾಗಿದ್ದರೂ ಎರಡಕ್ಕೂ ಒಂದೇ ಐಪಿ ಬರುವುದುಂಟು. ಉಬುಂಟು ತನ್ನ ಗುರುತಾಗಿ ಕಳಿಸುವುದು ಮ್ಯಾಕ್ ಅಲ್ಲ, ಮಷೀನ್-ಐಡಿಯಿಂದ (ಆ ಉಬುಂಟುವಿನದೇ ಗುರುತು) ಹುಟ್ಟಿದ ಸಂಖ್ಯೆ. ಕ್ಲೋನಿನಲ್ಲಿ ಅದೂ ನಕಲಾಗಿರುತ್ತದೆ. ಇಟಿಸಿ (/etc) ಫೋಲ್ಡರಿನ ಮಷೀನ್-ಐಡಿ ಫೈಲನ್ನು ಅಳಿಸದೆ ಖಾಲಿ ಮಾಡಿ ರೀಬೂಟ್ ಮಾಡಿದರೆ ಹೊಸದು ಹುಟ್ಟುತ್ತದೆ.

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಹೋಸ್ಟ್-ಓನ್ಲಿಗೆ 192.168.56 ಬಿಟ್ಟು 10.10.10ರಂಥ ವಿಳಾಸಗಳ ಸಾಲು ಬೇಕೆಂದರೆ ಎರರ್ ಬರುತ್ತದೆ. ವರ್ಚುವಲ್‌ಬಾಕ್ಸ್ 6.1.28ನೇ ಆವೃತ್ತಿಯಿಂದ ಹೋಸ್ಟ್-ಓನ್ಲಿಗೆ 192.168.56.0/21 ಒಳಗಿನ ವಿಳಾಸಗಳಷ್ಟೇ ಸಲ್ಲುತ್ತವೆ. ಲ್ಯಾಪ್‌ಟಾಪಿನ ಇಟಿಸಿ ಒಳಗೆ ವಿಬಾಕ್ಸ್ (vbox) ಫೋಲ್ಡರ್ ಮಾಡಿ, ನೆಟ್‌ವರ್ಕ್ಸ್.ಕಾನ್ಫ್ (networks.conf) ಫೈಲಿನಲ್ಲಿ ನಕ್ಷತ್ರ ಚಿಹ್ನೆ, ಒಂದು ಸ್ಪೇಸ್, ಆಮೇಲೆ 10.0.0.0/8 ಎಂದು ಬರೆದರೆ ಒಪ್ಪಿಕೊಳ್ಳುತ್ತದೆ.