ಸತ್ತವರ ಕಲ್ಲು ಓದಿ ಓದಿ ಬೇಜಾರಾಗಲ್ವಾ?

ರೋಮನ್ ಚಕ್ರವರ್ತಿಗಳ ಕಾಲದ ಗ್ರೀಕ್ ಸಮಾಧಿ ಶಾಸನಗಳನ್ನು ಓದುವ ಹುಚ್ಚು ನನಗಿದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಯಾವಾಗ ನೋಡಿದರೂ ಸಾವು, ಅಳು. ಬೇಜಾರಾಗಲ್ವಾ?

ಇಲ್ಲ. ಅಲ್ಲಿ ಅಳುವುದಕ್ಕಿಂತ ಜಾಗದ ತಕರಾರೇ ಜಾಸ್ತಿ. ಈಗಿನ ಟರ್ಕಿಯಲ್ಲಿ ಸಿಗುವ ಇಂಥ ಎಷ್ಟೋ ಕಲ್ಲುಗಳನ್ನು ಬರೆಸಿದವರು ಮಕ್ಕಳಲ್ಲ, ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಯಜಮಾನರೇ. 'ಬದುಕಿರುವಾಗಲೇ ಕಟ್ಟಿಸಿಕೊಂಡೆ' ಎಂದು ಕಲ್ಲಿನಲ್ಲೇ ಹೇಳುತ್ತಾರೆ. ಆಮೇಲೆ ಷರತ್ತು ಶುರು. ಇಲ್ಲಿ ನಾನು, ನನ್ನ ಹೆಂಡತಿ, ಮಕ್ಕಳು. ಬೇರೆಯವರನ್ನು ತಂದು ಹೂಳಿದರೆ ಚಕ್ರವರ್ತಿಯ ಖಜಾನೆಗೆ ಇಷ್ಟು ಸಾವಿರ ದೆನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ದಂಡ. ಅದೇ ಸೀಮೆಯ ಅಫ್ರೋಡಿಸಿಯಾಸ್ ಊರಿನವರು ಇನ್ನೂ ಜಾಣರು. ಅಲ್ಲಿನ ಹಲವು ಕಲ್ಲುಗಳ ಪ್ರಕಾರ ದಂಡದಲ್ಲಿ ಮೂರನೇ ಒಂದು ಪಾಲು ದೂರು ಕೊಟ್ಟವನಿಗೆ. ಕಾವಲಿಗೆ ಆಳಿಟ್ಟು ಸಂಬಳ ಕೊಡುವ ಗೋಜೇ ಇಲ್ಲ! ಕೊನೆಯಲ್ಲಿ ಎಷ್ಟೋ ಸಲ ಒಂದು ಸಾಲು: 'ಇದರ ನಕಲನ್ನು ದಫ್ತರಖಾನೆಯಲ್ಲಿ ಇಡಲಾಗಿದೆ.' ಥೇಟ್ ಕ್ರಯಪತ್ರ.

ದಂಡವನ್ನು ನಂಬದವರು ಶಾಪ ಹಾಕಿದರು. ಟರ್ಕಿಯ ಒಳನಾಡಿನ ಫ್ರಿಜಿಯಾ ಕಡೆಯ ಶಾಪದಲ್ಲಿ, ಗೋರಿಗೆ ಕೈ ಹಾಕಿದವನ ಮಕ್ಕಳು ಅನಾಥರಾಗಬೇಕು, ಮನೆ ಪಾಳು ಬೀಳಬೇಕು.

ನನಗೆ ತುಂಬಾ ಇಷ್ಟವಾದವನು ಹಿಯರಾಪೊಲಿಸ್‌ನ ಫ್ಲೇವಿಯಸ್ ಝ್ಯೂಕ್ಸಿಸ್. ಊರು ಈಗಿನ ಪಾಮುಕ್ಕಲೆ, ಸಮುದ್ರದಿಂದ ಬಹಳ ಒಳಗೆ. ಆದರೆ ಈ ವ್ಯಾಪಾರಿ ತನ್ನ ಗೋರಿಯ ಮೇಲೆ ಕೆತ್ತಿಸಿರುವುದು ಹಡಗಿನ ಲೆಕ್ಕ: ಗ್ರೀಸಿನ ದಕ್ಷಿಣ ತುದಿಯ ಮಲೇಯಾ ಭೂಶಿರವನ್ನು ಸುತ್ತಿ ಇಟಲಿಗೆ 72 ಸಲ ಹೋದವನು. ಮಲೇಯಾ ಎಂದರೆ ನಾವಿಕರಿಗೆ ನಡುಕ. 'ಮಲೇಯಾ ಸುತ್ತಲು ಹೊರಟೆಯಾ, ಮನೆ ಮರೆತುಬಿಡು' ಎಂಬ ಗಾದೆಯನ್ನು ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿಟ್ಟಿದ್ದಾನೆ. ಅಂಥ ಕಡೆ ಹೋಗಿ ಬಂದದ್ದನ್ನು ಈತ ಒಂದೊಂದಾಗಿ ಎಣಿಸಿಕೊಂಡಿದ್ದ! ಇಬ್ಬರು ಗಂಡುಮಕ್ಕಳ ಹೆಸರಿದೆ, ಅವರು ಒಪ್ಪಿದವರಿಗೂ ಇಲ್ಲಿ ಜಾಗ ಎಂದಿದೆ. ಹೆಂಡತಿಯ ಹೆಸರಿಲ್ಲ. ಹಡಗಿನ ಲೆಕ್ಕ ಮಾತ್ರ ತಪ್ಪಿಲ್ಲ.

ಅದೇ ಊರಿನ ಇನ್ನೊಬ್ಬ ಪಬ್ಲಿಯಸ್ ಏಲಿಯಸ್ ಗ್ಲೈಕನ್, ಸುಮಾರು ಕ್ರಿ.ಶ. 200ರವನು. ಇವನ ಕಲ್ಲಿನ ಪೆಟ್ಟಿಗೆ ಅವನಿಗೆ, ಹೆಂಡತಿಗೆ, ಮಕ್ಕಳಿಗೆ. ಬೇರೆಯವರಿಗೆ ಪ್ರವೇಶವಿಲ್ಲ. ಅಷ್ಟಕ್ಕೇ ಬಿಡದೆ ಬಟ್ಟೆಗೆ ನೇರಳೆ ಬಣ್ಣ ಹಾಕುವವರ ಸಂಘಕ್ಕೆ 200 ದೆನಾರಿಯಸ್ ಇಟ್ಟ. ಅದರ ಬಡ್ಡಿಯನ್ನು ಯಹೂದಿಗಳ ಹುಳಿಯಿಲ್ಲದ ರೊಟ್ಟಿಯ ಹಬ್ಬದಲ್ಲಿ ಹಂಚಬೇಕು. ಜಮಖಾನೆ ನೇಯುವವರಿಗೆ 150. ಅದರ ಬಡ್ಡಿಯಲ್ಲಿ ಅರ್ಧ ರೋಮನ್ನರ ಕಲೆಂಡ್ಸ್ ಹಬ್ಬಕ್ಕೆ, ಇನ್ನರ್ಧ ಯಹೂದಿಗಳ ಪೆಂಟೆಕೊಸ್ಟ್‌ಗೆ. ದುಡ್ಡಿಟ್ಟದ್ದು ಗೋರಿಗೆ ಹೂಮಾಲೆಯ ಹೆಸರಲ್ಲಿ. ಮನೆಯವರು ಮರೆತರೂ ಬಡ್ಡಿ ತಗೊಳ್ಳುವವರು ಮರೆಯಲ್ಲ ಅಂತ ಅವನಿಗೆ ಗೊತ್ತಿತ್ತು ಅಂತ ನನ್ನ ಊಹೆ.

ಗ್ರೀಕ್ ಬರಹ, ರೋಮನ್ ಹೆಸರು, ಎರಡು ಧರ್ಮದ ಹಬ್ಬ. ಇವನು ಯಹೂದಿಯೋ, ಅವರ ಕಡೆ ಒಲವಿದ್ದ ಬೇರೆಯವನೋ ಎಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಮಾಡಲಿ. ಆ ಶಾಸನ ಓದಿದಾಗೆಲ್ಲ ನನಗೆ ಕಾಣುವುದು ಹಬ್ಬದ ದಿನ ಬಡ್ಡಿ ದುಡ್ಡಿಗೆ ಚಾಚಿದ, ಬಣ್ಣ ಹತ್ತಿದ ಕೈಗಳು.